ನೆಲಕ್ಕೂರಿದ ಕಂಬವೇ ಭೂಸಂಪರ್ಕವಲ್ಲ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಳ್ಳಿಗಳಲ್ಲಿ ಮನೆಗಳ ರೂಪವೇ ಬದಲಾಗಿದೆ. ತಾರಸಿಯ ಮೇಲೆ ಉಕ್ಕಿನ ಕಂಬಗಳು, ಅವುಗಳ ಮೇಲೆ ಶೀಟಿನ ಮಾಡು. ಮಳೆಗೆ ತಡೆಯೂ ಆಯಿತು, ಅಡಿಕೆ ಹರವಲು ಸ್ಥಳವೂ ಆಯಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನ ಘೋಷಿಸಿದ ಮೇಲೆ ಸೌರಫಲಕಗಳೂ ಉಕ್ಕಿನ ಚೌಕಟ್ಟನ್ನೇರುತ್ತಿವೆ. ಇನ್ವರ್ಟರ್, ಟ್ಯೂಬ್‌ಲೈಟ್, ಪಂಪಿನ ಸ್ವಿಚ್ಚು ಎಲ್ಲವನ್ನೂ ಕಂಬಕ್ಕೇ ಬಿಗಿಯುವುದು ರೂಢಿ. ಆ ಉಕ್ಕಿಗೆ ಅರ್ಥಿಂಗ್ ಇದೆಯೇ ಎಂದು ವಿಚಾರಿಸಿದರೆ, "ಕಂಬ ಕಾಂಕ್ರೀಟಿನಲ್ಲೇ ಕೂತಿದೆಯಲ್ಲ" ಎಂಬ ಉತ್ತರ ಬರುತ್ತದೆ.

ಅಪಾಯವಿರುವುದು ಈ ಉತ್ತರದಲ್ಲಿಯೇ. ತಂತಿಯ ಹೊದಿಕೆ ಸವೆದು 230 ವೋಲ್ಟ್ ಕಂಬಕ್ಕೆ ತಗುಲಿತೆನ್ನೋಣ. ಕಂಬದಿಂದ ಮಣ್ಣಿಗಿರುವ ರೋಧ 10 ಓಮ್ ಆಗಿದ್ದರೆ ಹರಿಯುವ ವಿದ್ಯುತ್ತು ಹೆಚ್ಚೆಂದರೆ 23 ಆಂಪಿಯರ್. 32 ಆಂಪಿಯರಿನ ಎಂಸಿಬಿಗೆ ಅದು ದೋಷವೆಂದೇ ತೋರುವುದಿಲ್ಲ. ಅದು ಬೀಳುವುದಿಲ್ಲ, ಕಂಬ ಜೀವಂತವಾಗಿಯೇ ಉಳಿಯುತ್ತದೆ. ಬೇಸಗೆಯಲ್ಲಿ ಒಣಗಿದ ಮುರಕಲ್ಲಿನ ನೆಲದಲ್ಲಿ 10 ಓಮ್ ದೊರೆಯುವುದೂ ಭಾಗ್ಯವೇ. ಆದ್ದರಿಂದ ಮಣ್ಣನ್ನೇ ನಂಬಿದ ವ್ಯವಸ್ಥೆಗೆ 30 ಮಿಲಿ ಆಂಪಿಯರಿನ ಸೋರಿಕೆಯನ್ನೇ ಗುರುತಿಸಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅನಿವಾರ್ಯ.

ಬಾಂಡಿಂಗ್ ಎಂಬುದು ಬೇರೆ ಕಾರ್ಯ. ಕೈಗೆಟಕುವ ಎಲ್ಲ ಲೋಹಗಳನ್ನೂ, ಅಂದರೆ ಕಂಬ, ಏಣಿ, ನೀರಿನ ಕಬ್ಬಿಣದ ಕೊಳವೆ, ಫಲಕದ ಚೌಕಟ್ಟು ಇವೆಲ್ಲವನ್ನೂ ದಪ್ಪ ತಂತಿಯಿಂದ ಒಂದಕ್ಕೊಂದು ಜೋಡಿಸಿದರೆ ಅವುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯುವುದಿಲ್ಲ. ಒಂದೇ ತಂತಿಯ ಮೇಲೆ ಕುಳಿತ ಕಾಗೆ ಬದುಕುವುದೂ ಇದೇ ಕಾರಣಕ್ಕೆ. ಸಿಡಿಲಿನ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸಿಡಿಲುವಾಹಕಕ್ಕೊಂದು, ಇನ್ವರ್ಟರಿಗೊಂದು, ಫಲಕಗಳಿಗೊಂದು ಎಂದು ಗುಂಡಿ ತೋಡಿ ಅವುಗಳನ್ನು ಬೇರೆಬೇರೆಯಾಗಿಯೇ ಬಿಟ್ಟರೆ, ಸಿಡಿಲೆರಗಿದ ಕ್ಷಣದಲ್ಲಿ ಒಂದೇ ಮನೆಯ ಎರಡು ಲೋಹಗಳ ನಡುವೆ ಸಹಸ್ರಾರು ವೋಲ್ಟ್ ಉದ್ಭವಿಸಬಹುದು.

ಕೆಲಸ ಕೆಡುವುದು ಹೆಚ್ಚಾಗಿ ಬೋಲ್ಟಿನ ಬುಡದಲ್ಲಿ. ಬಣ್ಣ ವಿದ್ಯುತ್ತನ್ನು ಒಯ್ಯದು. ಅದನ್ನು ಉಜ್ಜಿ ತೆಗೆಯದೆ ಬಿಗಿದ ತಂತಿ ಅಲಂಕಾರ ಮಾತ್ರ. ಫಲಕದ ಅಲ್ಯೂಮಿನಿಯಂ ಚೌಕಟ್ಟಿಗೂ ಆನೊಡೈಸ್ ಮಾಡಿದ ನಿರೋಧಕ ಪದರವಿರುವುದರಿಂದ ಅದನ್ನು ಕೊರೆಯುವ ಹಲ್ಲಿನ ವಾಷರ್ ಬೇಕು. ಬರಿಯ ತಾಮ್ರವನ್ನು ಸತು ಲೇಪಿಸಿದ ಉಕ್ಕಿಗೆ ನೇರವಾಗಿ ಕಟ್ಟಿದರೆ ಮಳೆಗಾಲದ ತೇವದಲ್ಲಿ ಸತುವೂ ಬಳಿಕ ಉಕ್ಕೂ ತಿಂದುಹೋಗುತ್ತವೆ. ತವರ ಲೇಪಿಸಿದ ಲಗ್ ಬಳಸಿದರೆ ಈ ಸವೆತ ಬಹಳಷ್ಟು ತಗ್ಗುತ್ತದೆ. ಅದಕ್ಕೆ ತಗಲುವ ಹೆಚ್ಚಿನ ವೆಚ್ಚ ಒಂದು ಚಹಾದ ಹಣವೂ ಆಗಲಿಕ್ಕಿಲ್ಲ.

ಇನ್ನು ಹೊಣೆ ಯಾರದು? 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ, ದಾರಿಯಲ್ಲಿ ಬಿದ್ದಿದ್ದ ತಂತಿಯಿಂದ ಸೈಕಲ್ ಸವಾರನೊಬ್ಬ ಮೃತಪಟ್ಟಾಗ, ಕೃತ್ಯ ಬೇರೊಬ್ಬನದೆಂಬ ಮಂಡಳಿಯ ವಾದವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅಪಾಯಕಾರಿ ವಸ್ತುವನ್ನು ಪೂರೈಸುವವನಿಗೆ ಕಟ್ಟುನಿಟ್ಟಿನ ಹೊಣೆಯಿದೆ ಎಂದಿತು. ಈ ತೀರ್ಪನ್ನು ನಂಬಿ ಮನೆಯೊಡೆಯ ನಿಶ್ಚಿಂತನಾಗುವಂತಿಲ್ಲ. ಮೀಟರಿನಿಂದ ಈಚೆಗಿನ ವೈರಿಂಗ್ ಅವನದು. 250 ವೋಲ್ಟಿಗೆ ಮೇಲ್ಪಟ್ಟ, ಅಂದರೆ ತ್ರೀಫೇಸ್ ಪಂಪಿನಂತಹ ಸಾಧನಗಳ ಲೋಹದ ಕವಚಕ್ಕೆ ಪ್ರತ್ಯೇಕವಾದ ಎರಡು ಭೂಸಂಪರ್ಕಗಳನ್ನು ಮಾಲಿಕನೇ ಒದಗಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ವಿಧಿಸಿತ್ತು. ಅಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು. ಹಳೆಯ ದಂಡಸಂಹಿತೆಯಲ್ಲಿ ಅದು ಎರಡೇ ವರ್ಷವಿತ್ತು.

ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ ಮೊದಲು ಹುಡುಕುವುದು ಕಾಗದವನ್ನೇ: ಭೂರೋಧವನ್ನು ಯಾರು, ಎಂದು ಅಳೆದರು, ಎಷ್ಟು ಬಂತು? ಪರವಾನಗಿ ಪಡೆದ ಗುತ್ತಿಗೆದಾರನಿಂದ ಈ ಅಂಕೆಯನ್ನು ಸಹಿಸಮೇತ ಬರೆಯಿಸಿಕೊಳ್ಳದೆ ಬಾಕಿ ಹಣ ಕೊಡಬಾರದು. ಅಳತೆಯನ್ನು ಏಪ್ರಿಲಿನ ಒಣ ನೆಲದಲ್ಲಿ ಮಾಡಿಸುವುದು ಲೇಸು. ಜುಲೈಯಲ್ಲಿ ಎಲ್ಲ ಗುಂಡಿಗಳೂ ಒಳ್ಳೆಯವೇ. ಆದರೆ ಎಷ್ಟೋ ಮನೆಗಳಲ್ಲಿ ಅಳೆಯಲು ಹೊರಟವನಿಗೆ ಗುಂಡಿಯೇ ಸಿಗುವುದಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ದಿನವೇ ಅದು ಅಡಿಯಲ್ಲಿ ಮುಚ್ಚಿಹೋಗಿರುತ್ತದೆ.