ನಿಮಗಿದು ಗೊತ್ತೆ? ಎತ್ತಿನ ಗಾಡಿ ಏರಿದ ಹಾಗ್ಸ್‌ಹೆಡ್

ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ. ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಕಟ್ಟಿದ ಕಂಪನಿ ಅದು. ಆರಂಭದ ದಿನಗಳಲ್ಲಿ ಅಲ್ಲಿನ ಬಿಯರ್ ಬ್ರಿಟಿಷ್ ಸೈನಿಕರನ್ನು ತಲುಪುತ್ತಿದ್ದುದು ಎತ್ತಿನ ಗಾಡಿಯ ಮೇಲೆ, ‘ಹಾಗ್ಸ್‌ಹೆಡ್’ ಎಂಬ ಭಾರೀ ಮರದ ಪೀಪಾಯಿಗಳಲ್ಲಿ.

ಒಂದು ಹಾಗ್ಸ್‌ಹೆಡ್ ಎಂದರೆ 54 ಗ್ಯಾಲನ್, ಅಂದರೆ ಸುಮಾರು 245 ಲೀಟರ್. ಇಂದಿನ 650 ಮಿಲಿಲೀಟರ್ ಬಾಟಲಿಗಳ ಲೆಕ್ಕದಲ್ಲಿ 377! ಪೀಪಾಯಿಯ ತೂಕವೂ ಸೇರಿದರೆ ಎತ್ತುಗಳ ಪಾಡು ಊಹಿಸಿ.

ಇಂಗ್ಲಿಷರ ಪೀಪಾಯಿಗಳು ಇಮ್ಮಡಿಯಾಗುತ್ತ ಬೆಳೆಯುತ್ತವೆ. ಪಿನ್ 4.5 ಗ್ಯಾಲನ್, ಫರ್ಕಿನ್ 9, ಕಿಲ್ಡರ್ಕಿನ್ 18, ಬ್ಯಾರೆಲ್ 36. ಹಾಗ್ಸ್‌ಹೆಡ್ ಮಾತ್ರ ಈ ಸಾಲು ತಪ್ಪಿಸಿ ಒಂದೂವರೆ ಬ್ಯಾರೆಲ್ ಆಗುತ್ತದೆ. 16ನೇ ಶತಮಾನದ ಲಂಡನ್ನಿನಲ್ಲಿ ಹಾಪ್ಸ್ ಎಂಬ ಕಹಿ ಹೂ ಹಾಕಿದ ಬಿಯರಿಗೆ 36 ಗ್ಯಾಲನ್ನಿನ ಬ್ಯಾರೆಲ್, ಹಾಪ್ಸ್ ಹಾಕದ ಏಲ್‌ಗೆ 32ರದ್ದು. ಗ್ಯಾಲನ್ ದೇಶಕ್ಕೆಲ್ಲ ಒಂದೇ ಆದದ್ದು 1824ರ ಕಾಯ್ದೆಯಿಂದ.

ನಮ್ಮ ಕಡೆಯ ಹಳೆಯ ಅಳತೆಗಳ ಲೆಕ್ಕ ಇದಕ್ಕಿಂತ ಹಗುರವೇನಲ್ಲ. ತಿರುವನಂತಪುರದ ಉಳ್ಳೂರಿನಂಥ ಊರುಗಳಲ್ಲಿ 4 ನಾಳಿಗೆ 1 ಇಡಂಗಳಿ, 10 ಇಡಂಗಳಿಗೆ 1 ಪರೆ. ಕನ್ನಡನಾಡಿನಲ್ಲಿ 20 ಕೊಳಗಕ್ಕೆ 1 ಖಂಡುಗ. ಭತ್ತ ತುಂಬಿದ ಪರೆ ಕೇರಳದ ದೇವಸ್ಥಾನಗಳಲ್ಲಿ ಇಂದಿಗೂ ಕಾಣಿಕೆಯಾಗಿ ಸಲ್ಲುತ್ತದೆ.

ಭಾರತ 1956ರ ಕಾಯ್ದೆಯೊಂದಿಗೆ ಮೆಟ್ರಿಕ್ ಅಳತೆಗೆ ಹೊರಳಿತು. ಬ್ರಿಟನ್ನಿನ ಪಬ್‌ಗಳಲ್ಲಿ ಮಾತ್ರ ಪೀಪಾಯಿಯ ಬಿಯರನ್ನು ಈಗಲೂ 568 ಮಿಲಿಲೀಟರಿನ ಪೈಂಟ್ ಲೆಕ್ಕದಲ್ಲೇ ಮಾರುತ್ತಾರೆ.