ಕಾಳ್ಗಿಚ್ಚಿನೆದುರು ಸ್ವಯಂಸೇವಕರು

2019ರ ಫೆಬ್ರುವರಿಯಲ್ಲಿ ಬಂಡೀಪುರದ ಅರಣ್ಯವನ್ನು ಕಾಳ್ಗಿಚ್ಚು ಆವರಿಸಿದಾಗ, ಒಂದೆಡೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯುತ್ತಿದ್ದರೆ, ನೆಲದ ಮೇಲೆ ಅರಣ್ಯ ಸಿಬ್ಬಂದಿಗೆ ಹೆಗಲುಕೊಟ್ಟು ನಿಂತವರಲ್ಲಿ ನಾನಾ ಊರುಗಳಿಂದ ಸ್ವಇಚ್ಛೆಯಿಂದ ಬಂದ ಸಾಮಾನ್ಯ ಜನರೂ ಇದ್ದರು.

ಅಗ್ನಿಗೆ ಇಂಧನ, ಉಷ್ಣ, ಆಮ್ಲಜನಕ ಎಂಬ ಮೂರೂ ಬೇಕು. ಇವುಗಳಲ್ಲಿ ಒಂದನ್ನು ಇಲ್ಲವಾಗಿಸಿದರೂ ಅದು ನಂದಲೇಬೇಕು. ಬೇಸಗೆಯ ಎಲೆಯುದುರು ಕಾಡಿನಲ್ಲಿ ನೀರು ದುರ್ಲಭವಾದುದರಿಂದ, ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು ನೆಲದ ಜ್ವಾಲೆಗೆ ಗಾಳಿಯನ್ನು ತಪ್ಪಿಸುವುದೂ, ತರಗೆಲೆಗಳನ್ನು ಗುಡಿಸಿಯೋ ಬ್ಲೋವರ್ ಯಂತ್ರದಿಂದ ಹಾರಿಸಿಯೋ ಬರಿನೆಲದ ಬೆಂಕಿರೇಖೆಯನ್ನು ನಿರ್ಮಿಸುವುದೂ ಅಲ್ಲಿ ಫಲಕಾರಿಯಾದ ಉಪಾಯಗಳು. ಆದರೆ ಲಂಟಾನದ ಪೊದೆ ಹೊತ್ತಿಕೊಂಡು ಜ್ವಾಲೆ ಆಳೆತ್ತರವನ್ನು ಮೀರಿತೆಂದರೆ ಸೊಪ್ಪು ನಿರರ್ಥಕ. ಹಿಂದೆ ಸರಿದು, ಅನುಭವಿಗಳು ಕಿಚ್ಚಿನ ಹಾದಿಯ ಇಂಧನವನ್ನು ಮೊದಲೇ ಸುಟ್ಟುಬಿಡುವ ಎದುರುಬೆಂಕಿ ಕೊಡುವವರೆಗೆ ಕಾಯುವುದೇ ವಿವೇಕ.

ಕಾಳ್ಗಿಚ್ಚನ್ನು ನಂದಿಸಲು ಹೋಗಬಯಸುವವರು ಕರಗಿ ಮೈಗಂಟುವ ಕೃತಕ ನೂಲಿನ ಉಡುಪನ್ನು ತ್ಯಜಿಸಿ ದಪ್ಪ ಹತ್ತಿಬಟ್ಟೆಯನ್ನು ಧರಿಸಲಿ. ಗಾಳಿಯ ದಿಕ್ಕನ್ನೂ ಹಿಂದಿರುಗುವ ದಾರಿಯನ್ನೂ ಮೊದಲೇ ತಿಳಿದಿರಲಿ. ಒಂಟಿಯಾಗಿ ನುಗ್ಗದೆ ಅರಣ್ಯಾಧಿಕಾರಿಯ ಆಜ್ಞೆಗೆ ಒಳಪಟ್ಟಿರಲಿ. ಜ್ವಾಲೆ ಅಡಗಿದ ಬಳಿಕವೂ ಕೊರಡುಗಳೊಳಗೆ ಕೆಂಡ ಉಳಿದು ಮತ್ತೆ ಹೊತ್ತಬಹುದಾದುದರಿಂದ, ಅದನ್ನು ಹುಡುಕಿ ಪೂರ್ಣವಾಗಿ ಆರಿಸುವ ನಿರಾಡಂಬರ ಸೇವೆಯೇ ಸ್ವಯಂಸೇವಕನು ಕಾಡಿಗೆ ಸಲ್ಲಿಸಬಹುದಾದ ಅತ್ಯುತ್ತಮ ಸೇವೆ.