ಮೂರು ಬೆರಳಿನ ಬ್ರೌನ್

ಬೇಸ್‌ಬಾಲ್ ಆಟದಲ್ಲಿ ಪಿಚರನದು ಕ್ರಿಕೆಟ್ಟಿನ ಬೌಲರನಂಥದೇ ಕೆಲಸ. ಆದರೆ ಅವನು ಚೆಂಡನ್ನು ನೆಲಕ್ಕೆ ತಾಗಿಸದೆ ಗಾಳಿಯಲ್ಲೇ ದಾಂಡಿಗನತ್ತ ಎಸೆಯಬೇಕು. ಚೆಂಡು ಬಾಗುವುದೂ ಇಳಿಯುವುದೂ ಬೆರಳುಗಳ ಹಿಡಿತದಿಂದಲೇ. ಹೀಗಿರುವಾಗ ಬಲಗೈಯ ತೋರುಬೆರಳನ್ನೇ ಕಳೆದುಕೊಂಡವನೊಬ್ಬನು ಅಮೆರಿಕದ ಹೆಸರಾಂತ ಪಿಚರನಾದ ಸಂಗತಿಯನ್ನು ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ಮಾರ್ಡಿಕೈ ಬ್ರೌನ್ 1876ರಲ್ಲಿ ಇಂಡಿಯಾನಾ ಸಂಸ್ಥಾನದ ನೈಸ್‌ವಿಲ್ ಹಳ್ಳಿಯಲ್ಲಿ ಹುಟ್ಟಿದನು. ಬಾಲ್ಯದಲ್ಲೇ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿ, ತೋರುಬೆರಳಿನ ಮೋಟು ಮಾತ್ರ ಉಳಿಯಿತು. ಗಾಯ ಮಾಯುವ ಮೊದಲೇ ಬಿದ್ದು ಬೇರೆ ಬೆರಳುಗಳೂ ಮುರಿದವು. ನಡುಬೆರಳು ಸೊಟ್ಟಗೆ ಕೂಡಿಕೊಂಡಿತು. ಅದೇ ಕೈಯಿಂದ ಅವನು ಹರೆಯದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದನು. ಬಿಡುವಿನಲ್ಲಿ ಗಣಿಯೂರಿನ ತಂಡದಲ್ಲಿ ಆಡಿದನು. ಮೊದಲು ಅವನು ಫೀಲ್ಡರ್ ಮಾತ್ರ. ಒಮ್ಮೆ ತಂಡದ ಪಿಚರ್ ಎಸೆಯಲಾಗದೆ ಹೋದಾಗ ಚೆಂಡು ಇವನ ಕೈಗೆ ಬಂತು. ಮೋಟುಬೆರಳೂ ಸೊಟ್ಟಬೆರಳೂ ಕೂಡಿ ಚೆಂಡಿಗೆ ವಿಚಿತ್ರ ತಿರುವು ಕೊಡುತ್ತಿದ್ದವು. ದಾಂಡಿಗನ ಬಳಿ ಬಂದೊಡನೆ ಅದು ಥಟ್ಟನೆ ಕೆಳಗಿಳಿಯುತ್ತಿತ್ತು.

ದೊಡ್ಡ ಲೀಗಿನ ಬಾಗಿಲು ತೆರೆದಾಗ, ಅಂದರೆ 1903ರಲ್ಲಿ, ಅವನಿಗೆ 26 ವರ್ಷ. ಮರುವರ್ಷ ಷಿಕಾಗೋ ಕಬ್ಸ್ ತಂಡ ಸೇರಿದನು. 1906ರಲ್ಲಿ ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟ ಓಟಗಳ ಸರಾಸರಿ ಕೇವಲ 1.04. ಆ ವರ್ಷದಿಂದ 1911ರವರೆಗೆ ಪ್ರತಿವರ್ಷವೂ 20 ಅಥವಾ ಹೆಚ್ಚು ಪಂದ್ಯ ಗೆದ್ದುಕೊಟ್ಟನು.

1908ರಲ್ಲಿ ಕಬ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ಸಮಸಮನಾಗಿ ನಿಂತವು. ಅಕ್ಟೋಬರ್ 8ರಂದು ನ್ಯೂಯಾರ್ಕಿನಲ್ಲಿ ನಿರ್ಣಾಯಕ ಪಂದ್ಯ. ಎದುರಾಳಿ ಪ್ರಖ್ಯಾತ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್. ಮೊದಲ ಇನಿಂಗ್ಸಿನಲ್ಲೇ ಕಬ್ಸಿನ ಪಿಚರ್ ತತ್ತರಿಸಲು, ಬ್ರೌನನನ್ನು ಕಣಕ್ಕಿಳಿಸಿದರು. ಅವನು ಕೊನೆಯತನಕ ಎಸೆದು 4-2ರಿಂದ ಗೆಲ್ಲಿಸಿದನು. ಕಬ್ಸ್ ಆ ವರ್ಷ ವಿಶ್ವ ಸರಣಿಯನ್ನೂ ಗೆದ್ದಿತು. ಅದನ್ನು ಮತ್ತೆ ಗೆಲ್ಲಲು 2016ರವರೆಗೆ ಕಾಯಬೇಕಾಯಿತು!

1916ರಲ್ಲಿ ದೊಡ್ಡ ಲೀಗಿನ ಆಟ ಮುಗಿಸುವಾಗ ಬ್ರೌನನ ಲೆಕ್ಕದಲ್ಲಿ 239 ಗೆಲುವುಗಳಿದ್ದವು. ಮುಂದೆ ತನ್ನ ಸಂಸ್ಥಾನದ ಟೆರ್ರೆ ಹೋಟ್ ಊರಿನಲ್ಲಿ ಪೆಟ್ರೋಲ್ ಅಂಗಡಿ ನಡೆಸಿದನು. 1948ರಲ್ಲಿ ತೀರಿಕೊಂಡನು. ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು ಮರುವರ್ಷ.

ಗಾಯವೇ ಅವನಿಗೆ ವರವಾಯಿತೆನ್ನುವುದುಂಟು. ನಾವು ಒಪ್ಪೆವು. ಯಂತ್ರ ಕೊಟ್ಟದ್ದು ನೋವು. ವಿದ್ಯೆ ಬಂದದ್ದು ವರ್ಷಗಟ್ಟಲೆ ಮಾಡಿದ ಸಾಧನೆಯಿಂದ. ಗಿರಣಿ ಕಾರಖಾನೆಗಳಲ್ಲಿ ಕೈಗೆ ಪೆಟ್ಟಾದವರಿಗೆಲ್ಲ ಇಂಥ ಅದೃಷ್ಟ ಒದಗದೆಂಬುದನ್ನೂ ಬಲ್ಲೆವು. ಆದರೆ ಊನವಾದ ಕೈಯನ್ನು ಕಂಡೊಡನೆ 'ಇವನಿಂದಾಗದು' ಎಂದು ತೀರ್ಪುಕೊಡುವುದು ಸಲ್ಲದು. ಒಮ್ಮೆ ಚೆಂಡನ್ನು ಅವನ ಕೈಗೆ ಕೊಟ್ಟು ನೋಡಬೇಕು.